ಬತ್ತುವ ಸರೋವರ, ಒಡೆಯದ ಮೊಟ್ಟೆ: ಆರ್ಟೀಮಿಯಾ ಕೊರತೆಯ ಮೂಲ ಎಲ್ಲಿದೆ?

ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಬಗ್ಗೆ ಈಚಿನ ವರ್ಷಗಳಲ್ಲಿ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. 2022ರ ನವೆಂಬರ್‌ನಲ್ಲಿ ಸರೋವರದ ನೀರು ಸಮುದ್ರಮಟ್ಟದಿಂದ 4,188.5 ಅಡಿಗೆ ಇಳಿದು ಹಿಂದಿನ ದಾಖಲೆಗಳನ್ನೆಲ್ಲ ಮುರಿಯಿತು. 2023ರ ಜನವರಿಯಲ್ಲಿ ವಿಜ್ಞಾನಿಗಳ ಗುಂಪೊಂದು, ನೀರಿನ ಬಳಕೆ ಹೀಗೇ ಮುಂದುವರಿದರೆ ಐದು ವರ್ಷಗಳಲ್ಲಿ ಸರೋವರವೇ ಇಲ್ಲವಾಗಬಹುದು ಎಂದು ಎಚ್ಚರಿಸಿತು. ಅದರ ಬೆನ್ನಿಗೇ ಹಿಮ ಭರ್ಜರಿಯಾಗಿ ಬಿದ್ದು ಮಟ್ಟ ಐದು ಅಡಿಗೂ ಹೆಚ್ಚು ಏರಿತು. 2025ರ ಶರತ್ಕಾಲದ ಹೊತ್ತಿಗೆ ಮತ್ತೆ 4,192 ಅಡಿಗಿಂತ ಕೆಳಗೆ ಬಂತು. ಇಷ್ಟೆಲ್ಲದರ ನಡುವೆಯೂ ಅಲ್ಲಿ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಜೀವಿಯ ಮೊಟ್ಟೆಯ ಕೊಯ್ಲು ನಡೆಯುತ್ತಲೇ ಇದೆ.

ದೂರದ ಸರೋವರದ ಈ ಏರಿಳಿತ ನಮಗೇಕೆ ಬೇಕು ಎನ್ನುವ ಪ್ರಶ್ನೆಗೆ ಉತ್ತರ ಸಿಗಡಿಯಲ್ಲಿದೆ. 2024-25ರಲ್ಲಿ ಭಾರತ 7.4 ಲಕ್ಷ ಟನ್‌ಗೂ ಹೆಚ್ಚು ಶೀತಲೀಕರಿಸಿದ ಸಿಗಡಿಯನ್ನು ರಫ್ತು ಮಾಡಿ ಸುಮಾರು 43 ಸಾವಿರ ಕೋಟಿ ರೂಪಾಯಿ ಗಳಿಸಿತು. ಅದರಲ್ಲಿ ಸಿಂಹಪಾಲು ವನ್ನಾಮಿ ತಳಿಯದು. ಈ ತಳಿಯ ಮರಿಗಳು ಹ್ಯಾಚರಿಯಲ್ಲಿ, ಅಂದರೆ ಮರಿ ಉತ್ಪಾದಿಸುವ ಕೇಂದ್ರದಲ್ಲಿ, ಹಸುಳೆಯಾಗಿದ್ದಾಗ ತಿನ್ನುವ ಮುಖ್ಯ ಜೀವಂತ ಆಹಾರವೇ ಆರ್ಟೀಮಿಯಾ. ಜಗತ್ತಿನ ಆರ್ಟೀಮಿಯಾ ಮೊಟ್ಟೆಯಲ್ಲಿ ಶೇಕಡ 40ರ ಆಸುಪಾಸಿನ ಪಾಲು ಬರುವುದು ಗ್ರೇಟ್ ಸಾಲ್ಟ್ ಲೇಕ್ ಒಂದರಿಂದಲೇ.

ಹಾಗಾದರೆ ಸರೋವರ ಬತ್ತಿದರೆ ಸಿಗಡಿ ಕೃಷಿಯೂ ಮುಗಿಯಿತೇ? ಸರೋವರದ ಸ್ಥಿತಿ ಗಂಭೀರವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಚರ್ಚೆಯೆಲ್ಲ ಸರೋವರದ ಸುತ್ತಲೇ ಸುತ್ತುತ್ತಿರುವುದರಿಂದ ಇನ್ನೊಂದು ನಷ್ಟ ಕಣ್ಣಿಗೆ ಬೀಳುತ್ತಿಲ್ಲ. ಕೊಯ್ದ ಮೊಟ್ಟೆಯನ್ನು ತೊಳೆಯುವಾಗ, ಒಣಗಿಸುವಾಗ, ಡಬ್ಬಿಗೆ ತುಂಬುವಾಗ, ಗೋದಾಮಿನಲ್ಲಿ ಇಡುವಾಗ ಜೀವಕಳೆ ಸೋರಿಹೋಗುತ್ತದೆ. ಭಾರತಕ್ಕೆ ಸಂಬಂಧಿಸಿದಂತೆ, ನಮ್ಮ ಕೈಯಲ್ಲೇ ಇರುವುದು ಈ ಎರಡನೆಯ ನಷ್ಟ.

ಸಿಗಡಿ ಮರಿಗೆ ಇದೇ ಏಕೆ ಬೇಕು

ಆರ್ಟೀಮಿಯಾ ಉಪ್ಪಿನ ಸರೋವರಗಳಲ್ಲಿ, ಉಪ್ಪಾಗರಗಳಲ್ಲಿ ಬದುಕುವ, ಸುಮಾರು ಒಂದು ಸೆಂಟಿಮೀಟರ್ ಉದ್ದದ ಜೀವಿ. ಪರಿಸ್ಥಿತಿ ಅನುಕೂಲವಾಗಿರುವಾಗ ಹೆಣ್ಣು ನೇರವಾಗಿ ಮರಿ ಹಾಕುತ್ತದೆ. ಚಳಿ ಹತ್ತಿರ ಬಂದಾಗ, ಹಗಲು ಕಿರಿದಾದಾಗ, ಉಪ್ಪು ಏರಿದಾಗ ಅಥವಾ ಆಹಾರ ಕಡಿಮೆಯಾದಾಗ ಗಟ್ಟಿ ಕಂದು ಚಿಪ್ಪಿನ ಮೊಟ್ಟೆ ಹಾಕುತ್ತದೆ. ವ್ಯಾಪಾರದಲ್ಲಿ ಇದಕ್ಕೆ ಸಿಸ್ಟ್ ಎನ್ನುತ್ತಾರೆ. ಒಳಗಿರುವುದು ಸುಮಾರು 4,000 ಕೋಶಗಳ ಹಂತಕ್ಕೆ ಬೆಳೆದು ನಿಂತುಬಿಟ್ಟ ಭ್ರೂಣ. ಗಾತ್ರ ಮಿಲಿಮೀಟರಿನ ಕಾಲು ಭಾಗ.

1930ರ ದಶಕದಲ್ಲಿ ಅಮೆರಿಕ ಮತ್ತು ನಾರ್ವೆಯ ಸಂಶೋಧಕರು ಇದರ ಮರಿ ಮೀನಿನ ಹಸುಳೆಗಳಿಗೆ ಒಳ್ಳೆಯ ಆಹಾರ ಎಂದು ತೋರಿಸಿಕೊಟ್ಟರು. ಅದರ ದೊಡ್ಡ ಅನುಕೂಲ ಸರಳವಾದದ್ದು. ಬೇರೆ ಜೀವಂತ ಆಹಾರವನ್ನು ದಿನವೂ ಸಾಕಿ ಬೆಳೆಸಬೇಕು. ಇದನ್ನು ಡಬ್ಬಿಯಲ್ಲಿ ಒಣಪುಡಿಯಾಗಿ ಇಟ್ಟುಕೊಂಡು ಬೇಕೆಂದಾಗ ಉಪ್ಪುನೀರಿಗೆ ಹಾಕಿದರೆ ಸಾಕು, ಒಂದು ದಿನದೊಳಗೆ ಈಜಾಡುವ ಮರಿ ಸಿದ್ಧ. ಈ ಮರಿಗೆ ಹ್ಯಾಚರಿಯವರು ನಾಪ್ಲಿ ಎನ್ನುತ್ತಾರೆ.

ಸಿಗಡಿಯ ಹಸುಳೆ ಮೊದಲು ತನ್ನೊಳಗಿನ ಭಂಡಾರದಿಂದ ಬದುಕುತ್ತದೆ, ಆಮೇಲೆ ಜೋಯಿಯಾ ಹಂತದಲ್ಲಿ ಸೂಕ್ಷ್ಮ ಪಾಚಿ ತಿನ್ನುತ್ತದೆ. ಮೈಸಿಸ್ ಹಂತಕ್ಕೆ ಬಂದಾಗ ಪಾಚಿ ಸಾಲದು, ಕೊಬ್ಬು ಮತ್ತು ಪ್ರೋಟೀನು ತುಂಬಿದ, ಕಣ್ಣೆದುರು ಚಲಿಸುವ ಬೇಟೆ ಬೇಕು. ಅಲ್ಲಿಂದ ರೈತನಿಗೆ ಮಾರುವ ಪಿಎಲ್ (ಪೋಸ್ಟ್ ಲಾರ್ವಾ) ಹಂತದವರೆಗೆ ನಾಪ್ಲಿಯೇ ಆಧಾರ. ಈ ಕೆಲವು ದಿನಗಳಲ್ಲಿ ಹೊಟ್ಟೆ ತುಂಬದ ಮರಿ ಸಾಯದೇ ಉಳಿದರೂ ಸೊರಗುತ್ತದೆ, ಒಂದೇ ತೊಟ್ಟಿಯಲ್ಲಿ ಗಾತ್ರ ಹೆಚ್ಚುಕಡಿಮೆಯಾಗುತ್ತದೆ, ಕೊಳಕ್ಕೆ ಬಿಟ್ಟ ಮೇಲೆ ಕೈಕೊಡುತ್ತದೆ.

ಉಪ್ಪಿನಲ್ಲಿ ಬದುಕುವ ಜೀವಿಗೆ ಉಪ್ಪಿನಿಂದಲೇ ಕಷ್ಟ

ನೀರು ಇಳಿದರೆ ಉಪ್ಪು ಹೆಚ್ಚುತ್ತದೆ. ಆರ್ಟೀಮಿಯಾ ಉಪ್ಪುನೀರಿನದೇ ಜೀವಿ, ಅದಕ್ಕೇನು ತೊಂದರೆ ಎಂದು ಓದುಗರು ಕೇಳುವುದು ಸಹಜ. ಈ ಜೀವಿಗೆ ಉಪ್ಪು ಬೇಕಾಗಿರುವುದು ಮುಖ್ಯವಾಗಿ ರಕ್ಷಣೆಗೆ. ಅಷ್ಟು ಉಪ್ಪಿನಲ್ಲಿ ಮೀನು ಬದುಕುವುದಿಲ್ಲ, ಹಾಗಾಗಿ ತಿನ್ನುವವರ ಕಾಟ ಕಡಿಮೆ. ಆದರೆ ಉಪ್ಪು ಒಂದು ಮಿತಿ ದಾಟಿದರೆ, ದೇಹದಿಂದ ಅದನ್ನು ಹೊರದಬ್ಬುವುದಕ್ಕೇ ಶಕ್ತಿಯೆಲ್ಲ ಖರ್ಚಾಗುತ್ತದೆ. ಬೆಳವಣಿಗೆಗೂ ಮೊಟ್ಟೆಗೂ ಏನೂ ಉಳಿಯುವುದಿಲ್ಲ. ಅದು ತಿನ್ನುವ ಪಾಚಿಯೂ ಕ್ಷೀಣಿಸುತ್ತದೆ. ಗ್ರೇಟ್ ಸಾಲ್ಟ್ ಲೇಕ್‌ನಲ್ಲಿ ಶೇಕಡ 12ರಿಂದ 16ರಷ್ಟು ಉಪ್ಪಿದ್ದರೆ ಅದಕ್ಕೆ ಹಿತ. 2022ರಲ್ಲಿ ದಕ್ಷಿಣ ಭಾಗದ ಉಪ್ಪಿನಂಶ ಶೇಕಡ 19ರ ಹತ್ತಿರಕ್ಕೆ ಹೋಗಿತ್ತು.

ಉಪ್ಪು ಕಡಿಮೆಯಾದರೂ ಅಪಾಯವೇ. 1980ರ ದಶಕದ ಮಧ್ಯಭಾಗದಲ್ಲಿ ಸರೋವರ ಉಕ್ಕಿ ಹರಿದಾಗ ದಕ್ಷಿಣ ಭಾಗದ ಉಪ್ಪು ಶೇಕಡ ಆರರ ಮಟ್ಟಕ್ಕೆ ಕುಸಿದು ಆರ್ಟೀಮಿಯಾ ಅಲ್ಲಿಂದ ಬಹುಪಾಲು ಮಾಯವಾಗಿತ್ತು. 1990ರ ದಶಕದ ಕೊನೆಯಲ್ಲೂ ಮಳೆ ಹೆಚ್ಚಾಗಿ ಕೊಯ್ಲು ಬಿದ್ದುಹೋಗಿತ್ತು. ಆದ್ದರಿಂದ ನೀರಿನ ಮಟ್ಟ ಎಷ್ಟಿದೆ ಎಂಬುದಷ್ಟನ್ನೇ ನೋಡಿ ಈ ವರ್ಷದ ಮೊಟ್ಟೆಯನ್ನು ಊಹಿಸಲು ಬರುವುದಿಲ್ಲ, ಉಪ್ಪಿನಂಶ ಎಷ್ಟಿದೆ ಎಂಬುದು ಗೊತ್ತಿರಬೇಕು.

ಅಲ್ಲಿಯ ಉಪ್ಪಿನಂಶ ಮನುಷ್ಯನ ಕೈವಾಡದಿಂದಲೂ ಬದಲಾಗುತ್ತದೆ. 1959ರಲ್ಲಿ ಮುಗಿದ ರೈಲುಮಾರ್ಗದ ಕಲ್ಲುಕಟ್ಟೆ ಸರೋವರವನ್ನು ಎರಡಾಗಿ ಸೀಳಿತು. ಬೇರ್, ವೆಬರ್, ಜೋರ್ಡಾನ್ ಎಂಬ ಮೂರು ಮುಖ್ಯ ನದಿಗಳೂ ದಕ್ಷಿಣಕ್ಕೇ ಬೀಳುತ್ತವೆ. ಉತ್ತರ ಭಾಗ ಉಪ್ಪು ಹರಳುಗಟ್ಟುವಷ್ಟು ಗಡುಸಾಗಿ ಆರ್ಟೀಮಿಯಾಕ್ಕೆ ಬದುಕಲು ಆಗದ ಜಾಗವಾಯಿತು. ಕಟ್ಟೆಯಲ್ಲಿ ಒಂದು ತೆರಪು ಇದೆ. 2023ರ ಆರಂಭದಲ್ಲಿ ರಾಜ್ಯ ಸರ್ಕಾರ ಆ ತೆರಪಿನ ತಡೆಗೋಡೆಯನ್ನು ಎತ್ತರಿಸಿ, ಉತ್ತರದ ಗಡುಸು ಉಪ್ಪುನೀರು ದಕ್ಷಿಣಕ್ಕೆ ಬರದಂತೆ ಮಾಡಿತು. ಅದೇ ವರ್ಷ ಹಿಮವೂ ಚೆನ್ನಾಗಿ ಬಿತ್ತು. ಎರಡೂ ಸೇರಿ ದಕ್ಷಿಣದ ಉಪ್ಪು ಇಳಿಯಿತು, ಆರ್ಟೀಮಿಯಾ ಚೇತರಿಸಿಕೊಂಡಿತು. ಸರೋವರ ಅಪಾಯದಲ್ಲಿದೆ ಎಂಬ ಸುದ್ದಿಯೂ ಕೊಯ್ಲು ನಡೆದಿದೆ ಎಂಬ ಸುದ್ದಿಯೂ ಒಟ್ಟೊಟ್ಟಿಗೆ ನಿಜವಾಗಿರುವುದು ಹೀಗೆ.

ಯೂಟಾದ ಜಗಳದಲ್ಲಿ ಯಾರ ಮಾತೇನು

ಸರೋವರ ಸೇರಬೇಕಾದ ನದಿಗಳ ನೀರನ್ನು ಹೆಚ್ಚಾಗಿ ತಿರುಗಿಸಿಕೊಳ್ಳುವುದು ಕೃಷಿ. ದನಗಳ ಮೇವಾದ ಆಲ್ಫಾಲ್ಫಾ ಹುಲ್ಲಿಗೇ ದೊಡ್ಡ ಪಾಲು ಹೋಗುತ್ತದೆ. ತಮ್ಮ ನೀರಿನ ಹಕ್ಕು ತಲೆಮಾರುಗಳಿಂದ ಬಂದದ್ದು, ಅದನ್ನು ಬಿಡಬೇಕೆಂದರೆ ಪರಿಹಾರ ಕೊಡಿ ಎಂಬುದು ರೈತರ ವಾದ. ಖನಿಜ ಕಂಪನಿಗಳು ಸರೋವರದ ನೀರನ್ನೇ ಆವಿಯಾಗಿಸಿ ಉಪ್ಪು, ಪೊಟ್ಯಾಷ್ ತೆಗೆಯುತ್ತವೆ. ಪಕ್ಷಿ ಸಂರಕ್ಷಕರ ಕಾಳಜಿ ಬೇರೆ: ಒಂದು ಕೋಟಿಯಷ್ಟು ವಲಸೆ ಹಕ್ಕಿಗಳಿಗೆ ಈ ಸರೋವರ ತಂಗುದಾಣ, ಉತ್ತರ ಅಮೆರಿಕದ ಈಯರ್ಡ್ ಗ್ರೀಬ್ ಹಕ್ಕಿಗಳಲ್ಲಿ ಹೆಚ್ಚಿನವು ಇಲ್ಲಿಯ ಆರ್ಟೀಮಿಯಾ ತಿಂದೇ ಮುಂದಿನ ಪಯಣಕ್ಕೆ ಶಕ್ತಿ ತುಂಬಿಕೊಳ್ಳುತ್ತವೆ.

ಮೊಟ್ಟೆ ಕೊಯ್ಯುವ ಕಂಪನಿಗಳು ಈ ಜಗಳದಲ್ಲಿ ಸಂರಕ್ಷಕರ ಕಡೆಗೇ ವಾಲುತ್ತವೆ, ಯಾಕೆಂದರೆ ನೀರಿಲ್ಲದೆ ಅವರಿಗೂ ಬಾಳಿಲ್ಲ. ಅವರ ಮೇಲೂ ಹಿಡಿತವಿದೆ. ಕೊಯ್ಲು ಅಕ್ಟೋಬರ್ 1ರಿಂದ ಜನವರಿ 31ರವರೆಗೆ ಮಾತ್ರ. ಯೂಟಾದ ವನ್ಯಜೀವಿ ಇಲಾಖೆ ನಿಯಮಿತವಾಗಿ ನೀರಿನ ಮಾದರಿ ತೆಗೆದು ಎಣಿಸುತ್ತದೆ. ಲೀಟರಿಗೆ 21 ಮೊಟ್ಟೆಗಿಂತ ಕೆಳಗಿಳಿಯುವ ಸೂಚನೆ ಕಂಡರೆ ಅವಧಿ ಮುಗಿಯುವ ಮೊದಲೇ ಕೊಯ್ಲು ನಿಲ್ಲಿಸುತ್ತದೆ. ಮುಂದಿನ ವಸಂತದಲ್ಲಿ ಸರೋವರ ಮತ್ತೆ ತುಂಬಲು ಅಷ್ಟಾದರೂ ಬೀಜ ಉಳಿಯಬೇಕು ಎಂಬುದು ಲೆಕ್ಕ. ಜಗತ್ತಿನ ಮೀನುಗಾರಿಕೆಯಲ್ಲಿ ಇಷ್ಟು ಸ್ಪಷ್ಟವಾಗಿ ಬೀಜ ಉಳಿಸಿ ಕೊಯ್ಯುವ ನಿಯಮ ಅಪರೂಪ, ಇದು ಮೆಚ್ಚಬೇಕಾದ ವ್ಯವಸ್ಥೆ. ಆದರೆ ಈ ನಿಯಮ ಕೊಯ್ಲನ್ನು ಹತೋಟಿಯಲ್ಲಿಡುತ್ತದೆಯೇ ಹೊರತು ಸರೋವರಕ್ಕೆ ಒಂದು ಹನಿ ನೀರನ್ನೂ ತರುವುದಿಲ್ಲ. ಸರೋವರ ಆರೋಗ್ಯವಾಗಿರಲು 4,198 ಅಡಿ ಮಟ್ಟ ಬೇಕು. 2025ರ ಶರತ್ಕಾಲದಲ್ಲಿ ಮಟ್ಟ ಅದಕ್ಕಿಂತ ಆರೇಳು ಅಡಿ ಕೆಳಗಿತ್ತು.

ನೀರಿನಿಂದ ಡಬ್ಬಿಯವರೆಗೆ

ಸುದ್ದಿಯಲ್ಲಿ ಬರುವ ಕೊಯ್ಲಿನ ಅಂಕಿ ಹಸಿ ತೂಕದ್ದು. ಅದರಲ್ಲಿ ಉಪ್ಪುನೀರು, ಖಾಲಿ ಚಿಪ್ಪು, ಕಸ, ಸತ್ತ ಆರ್ಟೀಮಿಯಾ, ಹಕ್ಕಿಯ ಗರಿ ಎಲ್ಲ ಸೇರಿರುತ್ತವೆ. ಮಾರಾಟಕ್ಕೆ ಬರುವ ಒಣ ಮೊಟ್ಟೆ ಅದರ ಒಂದು ಅಂಶ ಮಾತ್ರ. ಆ ಅಂಶ ಎಷ್ಟು, ಅದರಲ್ಲಿ ಎಷ್ಟು ಮೊಟ್ಟೆ ಒಡೆಯುತ್ತದೆ ಎಂಬುದು ಸಂಸ್ಕರಣೆಯ ಮೇಲೆ ನಿಂತಿದೆ.

ಮೊಟ್ಟೆಗಳು ತೇಲುತ್ತಾ ಗಾಳಿಗೆ ಒಟ್ಟಾಗಿ ಕೆಂಗಂದು ಪಟ್ಟೆಗಳಾಗುತ್ತವೆ. ವಿಮಾನದಿಂದ ಅವುಗಳನ್ನು ಗುರುತಿಸಿ, ದೋಣಿಯವರು ಸಮುದ್ರದಲ್ಲಿ ತೈಲ ಚೆಲ್ಲಿದಾಗ ಬಳಸುವಂಥ ತೇಲುಬೇಲಿಯಿಂದ ಸುತ್ತುವರಿದು, ಪಂಪಿನಿಂದ ಹೀರಿ ನೀರು ಸೋರುವ ದೊಡ್ಡ ಚೀಲಗಳಿಗೆ ತುಂಬುತ್ತಾರೆ. ಮುಂದೆ ಕಾರ್ಖಾನೆಯಲ್ಲಿ ಎರಡು ಸಲ ಬೇರ್ಪಡಿಸುವ ಕೆಲಸ. ಮೊದಲು ಗಡುಸು ಉಪ್ಪುನೀರಿನಲ್ಲಿ: ಮೊಟ್ಟೆ ತೇಲುತ್ತದೆ, ಮರಳು ಮತ್ತು ಭಾರದ ಕಸ ತಳ ಸೇರುತ್ತದೆ. ಆಮೇಲೆ ಸಿಹಿನೀರಿನಲ್ಲಿ: ಈಗ ಜೀವವಿರುವ ತುಂಬಿದ ಮೊಟ್ಟೆ ಮುಳುಗುತ್ತದೆ, ಖಾಲಿ ಚಿಪ್ಪು ತೇಲುತ್ತದೆ.

ಈ ಸಿಹಿನೀರಿನ ಹಂತವೇ ನಾಜೂಕಿನದು. ಮೊಟ್ಟೆ ನೀರು ಹೀರಲು ಶುರುಮಾಡಿದೊಡನೆ ಒಳಗಿನ ಭ್ರೂಣ ಎಚ್ಚರಗೊಳ್ಳುವ ದಾರಿ ಹಿಡಿಯುತ್ತದೆ. ಅರ್ಧ ಗಂಟೆ ಮೀರಿದರೆ ಹಿಂದಕ್ಕೆ ಮಲಗಿಸುವುದು ಕಷ್ಟವಾಗುತ್ತಾ ಹೋಗುತ್ತದೆ. ನೆನೆದು, ಒಣಗಿ, ಮತ್ತೆ ನೆನೆದ ಮೊಟ್ಟೆಯಲ್ಲಿ ಪ್ರತಿ ಸುತ್ತಿಗೂ ಒಂದಿಷ್ಟು ಶಕ್ತಿ ಕರಗುತ್ತದೆ. ಕಡೆಗೆ ಅದು ಒಡೆಯುವುದೇ ಇಲ್ಲ, ಅಥವಾ ಒಡೆದರೂ ಮರಿ ಬಡಕಲು. ಉಪ್ಪಾಗರದ ದಂಡೆಯಲ್ಲಿ ಬಿದ್ದು ಮಳೆಹನಿಗೆ ನೆನೆದು ಬಿಸಿಲಿಗೆ ಒಣಗಿದ ಮೊಟ್ಟೆ ನೋಡಲು ಚೆನ್ನಾಗಿದ್ದೂ ನಿಷ್ಪ್ರಯೋಜಕವಾಗುವುದು ಇದೇ ಕಾರಣಕ್ಕೆ.

ಒಣಗಿಸುವುದು ಮುಂದಿನ ಹಂತ. ತೇವ ಶೇಕಡ 10ಕ್ಕಿಂತ ಕೆಳಗೆ ಬರಬೇಕು, ಶೇಕಡ 2ರಿಂದ 5ರ ಮಟ್ಟಕ್ಕೆ ಬಂದರೆ ಇನ್ನೂ ಒಳ್ಳೆಯದು. ಅಷ್ಟು ಒಣಗಿದ ಮೊಟ್ಟೆಯ ಸಹನಶಕ್ತಿ ಅಚ್ಚರಿ ಹುಟ್ಟಿಸುತ್ತದೆ: ಶೂನ್ಯಕ್ಕಿಂತ ಎಷ್ಟು ಡಿಗ್ರಿ ಕೆಳಗಿಳಿಸಿದರೂ ಸಾಯದು, 60 ಡಿಗ್ರಿ ಶಾಖವನ್ನೂ ತಾಳುತ್ತದೆ. ಆದರೆ ಒದ್ದೆಯಾಗಿರುವಾಗ 40 ಡಿಗ್ರಿ ದಾಟಿದರೆ ಸಾಯುತ್ತದೆ. ಒಣಗಿಸುವಾಗ ಎದುರಾಗುವ ಇಕ್ಕಟ್ಟು ಇದು. ಬೇಗ ಒಣಗಿಸಲು ಶಾಖ ಬೇಕು, ಒಣಗುವ ಮುನ್ನ ಶಾಖ ಕೊಟ್ಟರೆ ಭ್ರೂಣ ಬೇಯುತ್ತದೆ. ನಿಧಾನವಾಗಿ ಒಣಗಿಸಿದರೆ ಅಷ್ಟು ಹೊತ್ತೂ ಭ್ರೂಣ ಅರೆಎಚ್ಚರದಲ್ಲಿ ತನ್ನ ದಾಸ್ತಾನನ್ನು ತಿನ್ನುತ್ತಿರುತ್ತದೆ. ದೊಡ್ಡ ಕಾರ್ಖಾನೆಗಳು ಇದಕ್ಕಾಗಿ ಕೆಳಗಿನಿಂದ ಬೆಚ್ಚಗಿನ ಗಾಳಿ ಊದಿ ಮೊಟ್ಟೆಗಳನ್ನು ಗಾಳಿಯಲ್ಲೇ ತೇಲಾಡಿಸುವ ಯಂತ್ರ ಬಳಸುತ್ತವೆ. ಪ್ರತಿ ಮೊಟ್ಟೆಗೂ ಸಮನಾಗಿ ಗಾಳಿ ತಾಗುತ್ತದೆ, ಗಂಟು ಕಟ್ಟುವುದಿಲ್ಲ, ಗಾಳಿಯ ಶಾಖವನ್ನು 38 ಡಿಗ್ರಿಯೊಳಗೆ ಹಿಡಿದಿಡಬಹುದು. ಯಂತ್ರವಿಲ್ಲದ ಕಡೆ ಜಾಲರಿ ತಟ್ಟೆಯ ಮೇಲೆ ಕೆಲವೇ ಮಿಲಿಮೀಟರ್ ದಪ್ಪಕ್ಕೆ ಹರಡಿ, ನೆರಳಿನಲ್ಲಿ, ಗಾಳಿಯಾಡುವಲ್ಲಿ, ಆಗಾಗ ಕೈಯಾಡಿಸುತ್ತಾ ಒಣಗಿಸಬೇಕು. ನೇರ ಬಿಸಿಲಿಗೆ ಹಾಕಿದರೆ ಕಂದು ಚಿಪ್ಪು ಶಾಖ ಹೀರಿಕೊಂಡು ಒಳಗಿನದನ್ನು ಕೊಲ್ಲುತ್ತದೆ.

ಸಂಸ್ಕರಣೆಯಲ್ಲಿ ಹೊರಗಿನವರಿಗೆ ತಿಳಿಯದ ಇನ್ನೊಂದು ವಿಷಯವಿದೆ. ಆಗ ತಾನೇ ಕೊಯ್ದ ಮೊಟ್ಟೆ ಗಾಢನಿದ್ದೆಯಲ್ಲಿರುತ್ತದೆ. ಉಪ್ಪು, ಬೆಳಕು, ಶಾಖ, ಗಾಳಿ ಎಲ್ಲ ಸರಿಯಾಗಿ ಕೊಟ್ಟರೂ ಒಡೆಯುವುದಿಲ್ಲ. ವಿಜ್ಞಾನದಲ್ಲಿ ಇದನ್ನು ಡಯಾಪಾಸ್ ಎನ್ನುತ್ತಾರೆ. ಈ ನಿದ್ದೆ ಮುರಿಯದ ಹೊರತು ಮೊಟ್ಟೆ ಸತ್ತದ್ದಕ್ಕೂ ಬದುಕಿರುವುದಕ್ಕೂ ಹ್ಯಾಚರಿಯವನಿಗೆ ವ್ಯತ್ಯಾಸವೇ ಗೊತ್ತಾಗದು. ಕೆಲವು ತಳಿಗಳಲ್ಲಿ ಒಣಗಿಸಿದರೆ ಸಾಕು. ಕೆಲವನ್ನು ಗಡುಸು ಉಪ್ಪುನೀರಿನಲ್ಲಿ ನೀರಾರಿಸಿ ಮೈನಸ್ 20 ಡಿಗ್ರಿಯ ಆಸುಪಾಸಿನಲ್ಲಿ ಒಂದೆರಡು ತಿಂಗಳು ಇಡಬೇಕು. ಇನ್ನು ಕೆಲವಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣದಲ್ಲಿ ಲೆಕ್ಕ ಹಾಕಿ ನೆನೆಸಬೇಕು. ಒಂದು ಸರೋವರದ ಮೊಟ್ಟೆಗೆ ಹೊಂದಿದ ವಿಧಾನ ಇನ್ನೊಂದಕ್ಕೆ ಹೊಂದದು. ಹೊಸ ಉತ್ಪಾದಕರು ಎಡವುವುದು ಹೆಚ್ಚಾಗಿ ಇಲ್ಲಿ. ಒಳ್ಳೆಯ ಮೊಟ್ಟೆ ಬೆಳೆದೂ ಮಾರುಕಟ್ಟೆಯಲ್ಲಿ ಕಳಪೆ ಎಂಬ ಹೆಸರು ಹೊರುತ್ತಾರೆ.

ಡಬ್ಬಿಯೊಳಗಿನ ಎರಡು ಶತ್ರುಗಳು

ಒಣಗಿದ ಭ್ರೂಣವನ್ನು ಕಾಪಾಡುವುದು ಟ್ರೆಹಲೋಸ್ ಎಂಬ ಸಕ್ಕರೆ. ನೀರು ಹೋದ ಜಾಗದಲ್ಲಿ ಅದು ನಿಂತು ಕೋಶದ ಪೊರೆ ಮತ್ತು ಪ್ರೋಟೀನುಗಳ ಆಕಾರ ಕೆಡದಂತೆ ಹಿಡಿದಿಡುತ್ತದೆ. ಮೊಟ್ಟೆ ಒಡೆಯುವಾಗ ಅದೇ ಸಕ್ಕರೆ ಇಂಧನವೂ ಆಗುತ್ತದೆ. ಅದರ ಒಂದು ಭಾಗ ಗ್ಲಿಸರಾಲ್ ಆಗಿ ಪರಿವರ್ತನೆಯಾಗಿ ಚಿಪ್ಪಿನೊಳಗೆ ನೀರನ್ನು ಎಳೆದುಕೊಳ್ಳುತ್ತದೆ, ಒತ್ತಡ ಏರಿ ಚಿಪ್ಪು ಬಿರಿಯುತ್ತದೆ.

ಗೋದಾಮಿನಲ್ಲಿ ತೇವ ಶೇಕಡ 10 ದಾಟಿದರೆ ಏನಾಗುತ್ತದೆ ಎಂಬುದು ಇದರಿಂದ ಅರ್ಥವಾಗುತ್ತದೆ. ಒಡೆಯುವಷ್ಟು ನೀರು ಸಿಗುವುದಿಲ್ಲ, ಸುಮ್ಮನಿರುವಷ್ಟು ಒಣಗಿಯೂ ಇರುವುದಿಲ್ಲ. ಜೀವಕ್ರಿಯೆ ಸದ್ದಿಲ್ಲದೆ ನಡೆದು ಸಕ್ಕರೆ ಖರ್ಚಾಗುತ್ತದೆ. ಮಳೆಗಾಲದಲ್ಲಿ ಡಬ್ಬಿ ಮುಚ್ಚದೆ ಬಿಟ್ಟ ಹಪ್ಪಳ ಮೆತ್ತಗಾದಂತೆ ಇದು ಕಣ್ಣಿಗೂ ಕೈಗೂ ಗೊತ್ತಾಗುವ ಬದಲಾವಣೆಯಾಗಿದ್ದರೆ ಚೆನ್ನಾಗಿತ್ತು. ಮೊಟ್ಟೆಯ ಬಣ್ಣ, ವಾಸನೆ, ಹರಿವು ಯಾವುದೂ ಅಷ್ಟಾಗಿ ಬದಲಾಗುವುದಿಲ್ಲ. ತೊಟ್ಟಿಗೆ ಹಾಕಿದ ಮೇಲೆಯೇ ಗೊತ್ತಾಗುವುದು.

ಎರಡನೆಯ ಶತ್ರು ಆಮ್ಲಜನಕ. ತುಂಬ ಒಣಗಿದ ಮೊಟ್ಟೆ ಗಾಳಿಗೆ ತೆರೆದುಕೊಂಡಿದ್ದರೆ ಒಳಗೆ ಹಾನಿಕಾರಕ ಸ್ವತಂತ್ರ ರಾಡಿಕಲ್‌ಗಳು ಹುಟ್ಟಿ ಭ್ರೂಣವನ್ನು ಕೆಡಿಸುತ್ತವೆ. ನಿದ್ದೆಯಲ್ಲಿರುವುದರಿಂದ ರಿಪೇರಿ ಮಾಡಿಕೊಳ್ಳುವ ಶಕ್ತಿಯೂ ಅದಕ್ಕಿರುವುದಿಲ್ಲ. ಅದಕ್ಕಾಗಿಯೇ ಗಾಳಿ ಎಳೆದು ಅಥವಾ ನೈಟ್ರೋಜನ್ ತುಂಬಿ ಡಬ್ಬಿ ಮುಚ್ಚುತ್ತಾರೆ. ಹಾಗೆ ಮುಚ್ಚಿದ್ದು ತಂಪು ಜಾಗದಲ್ಲಿ ವರ್ಷಗಟ್ಟಲೆ ಇರುತ್ತದೆ. ಡಬ್ಬಿ ತೆರೆದ ಕ್ಷಣದಿಂದ ಆ ರಕ್ಷಣೆ ಮುಗಿಯಿತು. ಆದ್ದರಿಂದ ಒಂದು ಬಾರಿಗೆ ಬೇಕಾದಷ್ಟು ಗಾತ್ರದ ಡಬ್ಬಿಯನ್ನೇ ಕೊಳ್ಳುವುದು, ಉಳಿದದ್ದನ್ನು ಗಾಳಿಯಾಡದಂತೆ ಮುಚ್ಚಿ ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸುವುದು ಕ್ಷೇಮ. ದೊಡ್ಡ ಡಬ್ಬಿಯಿಂದ ತೆಗೆದು ಚಿಕ್ಕ ಪ್ಲಾಸ್ಟಿಕ್ ಪ್ಯಾಕೆಟ್‌ಗೆ ತುಂಬಿ, ದಿನಾಂಕವಿಲ್ಲದೆ ಮಾರುವ ಪದ್ಧತಿ ಅಕ್ವೇರಿಯಂ ಅಂಗಡಿಗಳಲ್ಲಿ ಇದೆ. ಅಂಥ ಪ್ಯಾಕೆಟ್ ಕೊಳ್ಳುವವರು ಒಡೆಯದ ಮೊಟ್ಟೆಗೆ ಉಪ್ಪನ್ನೋ ನೀರನ್ನೋ ದೂರುವ ಮೊದಲು ಇದನ್ನು ಯೋಚಿಸಬೇಕು.

ಚಿಪ್ಪು ತೆಗೆದು ಇಡುವ ದಾರಿಯೂ ಉಂಟು. ನೆನೆಸಿದ ಮೊಟ್ಟೆಯನ್ನು ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣಕ್ಕೆ ಹಾಕಿ ಕಲಕಿದರೆ ಕೆಲವೇ ನಿಮಿಷಗಳಲ್ಲಿ ಕಂದು ಬಣ್ಣ ಬೂದಿಗೆ, ಬೂದಿ ಕಿತ್ತಳೆಗೆ ತಿರುಗುತ್ತದೆ. ಕಿತ್ತಳೆ ಕಂಡ ತಕ್ಷಣ ಸೋಸಿ ತೊಳೆಯಬೇಕು, ಥಯೋಸಲ್ಫೇಟ್ ಹಾಕಿ ಉಳಿದ ಕ್ಲೋರಿನ್ ತೆಗೆಯಬೇಕು. ಈ ಕ್ರಿಯೆಯಲ್ಲಿ ಶಾಖ ಹುಟ್ಟುವುದರಿಂದ ಮಂಜುಗಡ್ಡೆ ಪಕ್ಕದಲ್ಲೇ ಇರಬೇಕು. ಹೀಗೆ ಚಿಪ್ಪು ಕಳೆದ ಮೊಟ್ಟೆಯನ್ನು ಗಡುಸು ಉಪ್ಪುನೀರಿನಲ್ಲಿ ಮುಳುಗಿಸಿ, ಬೆಳಕು ತಾಗದಂತೆ ತಂಪಿನಲ್ಲಿಡುತ್ತಾರೆ. ಚಿಪ್ಪಿನ ಜೊತೆ ರೋಗಾಣುಗಳೂ ಹೋಗುತ್ತವೆ ಎಂಬುದು ಇದರ ದೊಡ್ಡ ಲಾಭ.

ಅಗ್ಗದ ಡಬ್ಬಿಯ ಲೆಕ್ಕ

ಒಂದು ಪೌಂಡಿನ, ಅಂದರೆ 454 ಗ್ರಾಮಿನ ಡಬ್ಬಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಶೇಕಡ 90ರಷ್ಟು ಒಡೆಯುವ ಮೊಟ್ಟೆಯಲ್ಲಿ ಗ್ರಾಮಿಗೆ ಸುಮಾರು 2.5 ಲಕ್ಷ ಮರಿ ಸಿಗುತ್ತದೆ ಎಂದುಕೊಂಡರೆ ಡಬ್ಬಿಗೆ 11 ಕೋಟಿ ಮರಿ. ಅದೇ ಮೊಟ್ಟೆ ಶೇಕಡ 60ಕ್ಕೆ ಇಳಿದಿದ್ದರೆ ಸಿಗುವುದು ಏಳೂವರೆ ಕೋಟಿ. ಎರಡನೆಯ ಡಬ್ಬಿಯನ್ನು ಶೇಕಡ 20 ರಿಯಾಯಿತಿಗೆ ಕೊಂಡವರು ಉಳಿಸಿದೆವು ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಪ್ರತಿ ಮರಿಗೆ ಶೇಕಡ 20 ಹೆಚ್ಚು ಕೊಟ್ಟಿರುತ್ತಾರೆ.

ನಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಒಡೆಯದ ಮೊಟ್ಟೆ ಮತ್ತು ಚಿಪ್ಪು ಮರಿಯ ಜೊತೆ ತೊಟ್ಟಿ ಸೇರಿ, ತಿಂದ ಹಸುಳೆಯ ಕರುಳಿಗೆ ಅಡ್ಡಬರುತ್ತವೆ. ಚಿಪ್ಪು ಬಿರಿದಾಗ ನೀರಿಗೆ ಸೇರುವ ಗ್ಲಿಸರಾಲ್, ಸಿಗಡಿಗೆ ರೋಗ ತರುವ ವಿಬ್ರಿಯೋ ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ಕಳಪೆ ಮೊಟ್ಟೆ ಒಂದೇ ಸಮಯಕ್ಕೆ ಒಡೆಯುವುದೂ ಇಲ್ಲ. ತಡವಾಗಿ ಒಡೆಯುವುದನ್ನು ಕಾಯುತ್ತಾ ಕೂತರೆ ಮೊದಲು ಒಡೆದ ಮರಿ ಎರಡನೆಯ ಹಂತಕ್ಕೆ ಹೋಗಿ ತನ್ನ ಶಕ್ತಿಯಲ್ಲಿ ಕಾಲು ಭಾಗದಷ್ಟನ್ನು ಕಳೆದುಕೊಂಡಿರುತ್ತದೆ.

2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕುಗಳ ಮೇಲೆ ಶೇಕಡ 50ರ ಸುಂಕ ಹೇರಿದಾಗ ಸಿಗಡಿ ರೈತರ ಬೆಲೆ ಒತ್ತಡಕ್ಕೆ ಸಿಕ್ಕಿತು. ಇಂಥ ಹೊತ್ತಿನಲ್ಲಿ ಹ್ಯಾಚರಿಗಳು ಮೊದಲು ಕತ್ತರಿ ಹಾಕುವುದು ದುಬಾರಿ ಆಹಾರಕ್ಕೆ. ಕಷ್ಟದಲ್ಲಿರುವವರು ಅಗ್ಗದ್ದನ್ನು ಹುಡುಕುವುದು ತಪ್ಪಲ್ಲ. ಆದರೆ ಆ ಉಳಿತಾಯದ ನಷ್ಟ ಹ್ಯಾಚರಿಯಲ್ಲಿ ಕಾಣುವುದಿಲ್ಲ, ಎರಡು ಮೂರು ತಿಂಗಳ ನಂತರ ರೈತನ ಕೊಳದಲ್ಲಿ ಕಾಣುತ್ತದೆ.

ನಮ್ಮ ಉಪ್ಪಾಗರದಲ್ಲೇ ಬೆಳೆದರಾಗದೇ?

ಗುಜರಾತ್ ಮತ್ತು ತಮಿಳುನಾಡಿನಲ್ಲಿ ವಿಸ್ತಾರವಾದ ಉಪ್ಪಾಗರಗಳಿವೆ. ವಿಯೆಟ್ನಾಂನ ಉದಾಹರಣೆ ಕಣ್ಣೆದುರಿಗಿದೆ: ಮೆಕಾಂಗ್ ಮುಖಜ ಭೂಮಿಯ ವಿನ್ ಚೌ ಪ್ರದೇಶದ ಉಪ್ಪು ರೈತರು 1980ರ ದಶಕದಿಂದ ಒಣ ತಿಂಗಳುಗಳಲ್ಲಿ ಉಪ್ಪಿನ ಜೊತೆಗೆ ಆರ್ಟೀಮಿಯಾ ಬೆಳೆಯುತ್ತಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಿಂದ ತಂದ ತಳಿ ಅದು. ಅದರ ಮೊಟ್ಟೆ ಚಿಕ್ಕದು, ಸಣ್ಣ ಬಾಯಿಯ ಹಸುಳೆಗಳಿಗೆ ಹೇಳಿಮಾಡಿಸಿದ್ದು. ಭಾರತದಲ್ಲೂ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ ಅಡಿಯ ರಾಜೀವ್ ಗಾಂಧಿ ಜಲಕೃಷಿ ಕೇಂದ್ರ ತಮಿಳುನಾಡಿನಲ್ಲಿ ಆರ್ಟೀಮಿಯಾ ಯೋಜನೆ ನಡೆಸಿದೆ. ಹಾಗಿದ್ದೂ ನಮ್ಮ ಹ್ಯಾಚರಿಗಳ ಅವಲಂಬನೆ ಇವತ್ತಿಗೂ ಆಮದಿನ ಡಬ್ಬಿಯ ಮೇಲೇ.

ಬೆಳೆಯಬೇಕು ಎನ್ನುವವರ ವಾದ ಸ್ಪಷ್ಟ: ಒಂದು ಸರೋವರದ ಹಿಮಕ್ಕೆ ಸಾವಿರಾರು ಕೋಟಿಯ ಉದ್ಯಮವನ್ನು ಕಟ್ಟಿಹಾಕುವುದು ಅಪಾಯ. ಎಚ್ಚರಿಕೆ ಹೇಳುವವರ ವಾದಕ್ಕೂ ತೂಕವಿದೆ. ಅಮೆರಿಕದ ತಳಿ ಎಲ್ಲಿಗೆ ಹೋದರೂ ಸ್ಥಳೀಯ ತಳಿಯನ್ನು ಬದಿಗೆ ತಳ್ಳುತ್ತದೆ. ಸ್ಪೇನ್, ಪೋರ್ಚುಗಲ್‌ನ ಉಪ್ಪಾಗರಗಳಲ್ಲಿ ಹಾಗೇ ಆಗಿದೆ, ದಕ್ಷಿಣ ಭಾರತದ ಉಪ್ಪಾಗರಗಳಲ್ಲೂ ಅದು ಈಗಾಗಲೇ ಕಂಡುಬಂದಿದೆ. ಸ್ಥಳೀಯ ತಳಿಗಳನ್ನು ಸಂಗ್ರಹಿಸಿ ಕಾಪಿಡುವ ಕೆಲಸ ಜೊತೆಜೊತೆಗೇ ನಡೆಯಬೇಕು.

ಕೊಳದಲ್ಲಿ ಬೆಳೆಯುವುದು ಇದರಲ್ಲಿ ಸುಲಭದ ಭಾಗ. ಗಾಳಿ ಬೀಸುವ ದಿಕ್ಕಿನ ಮೂಲೆಯಲ್ಲಿ ದಿನವೂ ಮೊಟ್ಟೆ ಸಂಗ್ರಹಿಸಿ, ತಕ್ಷಣ ಗಡುಸು ಉಪ್ಪುನೀರಿಗೆ ಹಾಕಿ, ಅದರ ಗಾಢನಿದ್ದೆಗೆ ಯಾವ ವಿಧಾನ ಒಗ್ಗುತ್ತದೆ ಎಂದು ಪರೀಕ್ಷಿಸಿ, 38 ಡಿಗ್ರಿಯೊಳಗೆ ಒಣಗಿಸಿ, ಗಾಳಿಯಿಲ್ಲದ ಡಬ್ಬಿಗೆ ತುಂಬುವ ವ್ಯವಸ್ಥೆ ಪ್ರತಿಯೊಬ್ಬ ಉಪ್ಪು ರೈತನೂ ಮಾಡಿಕೊಳ್ಳಲಾಗದು. ಅಘನಾಶಿನಿ ದಂಡೆಯ ಸಾಣಿಕಟ್ಟಾದ ಉಪ್ಪಾಗರವನ್ನೇ ತೆಗೆದುಕೊಳ್ಳಿ. ಬೇಸಿಗೆಯ ಕೆಲವು ತಿಂಗಳು ಮಾತ್ರ ಅಲ್ಲಿ ಉಪ್ಪು, ಆಮೇಲೆ ಕರಾವಳಿಯ ಜಡಿಮಳೆ. ವಿನ್ ಚೌನಲ್ಲೂ ಬೆಳೆ ಬರುವುದು ಒಂದು ಋತುವಿಗಷ್ಟೇ, ಆದ್ದರಿಂದ ಮಳೆಯೊಂದೇ ಅಡ್ಡಿಯಲ್ಲ. ಬೇಸಿಗೆಯಲ್ಲೂ ಆರದ ಕರಾವಳಿಯ ತೇವದ ಗಾಳಿಯಲ್ಲಿ ಮೊಟ್ಟೆಯನ್ನು ಶೇಕಡ 10ರೊಳಗೆ ಒಣಗಿಸುವುದು ಮತ್ತು ಜೂನ್ ನಂತರ ಹಾಗೇ ಉಳಿಸಿಕೊಳ್ಳುವುದು ಯಂತ್ರವಿಲ್ಲದೆ ಆಗದ ಕೆಲಸ. ಉಪ್ಪು ರೈತರ ಸಹಕಾರಿ ಸಂಘಗಳ ಮಟ್ಟದಲ್ಲಿ ಒಂದು ಸಾಮೂಹಿಕ ಸಂಸ್ಕರಣಾ ಘಟಕವಿದ್ದರೆ ಮಾತ್ರ ಇದು ನಡೆಯುವ ಮಾತು. ಯೋಜನೆಗಳ ಹಣವೆಲ್ಲ ಕೊಳ ತೋಡುವುದಕ್ಕೇ ಹೋದರೆ, ಬೆಳೆದ ಮೊಟ್ಟೆ ಚೀಲದಲ್ಲೇ ಕೆಡುತ್ತದೆ.

ಬೇರೆ ಆಹಾರ ಬಂದರೆ?

ಆರ್ಟೀಮಿಯಾ ಬದಲಿಗೆ ಸೂಕ್ಷ್ಮ ಕಣಗಳ ಕೃತಕ ಆಹಾರ ಸಾಕು ಎನ್ನುವ ಕಂಪನಿಗಳಿವೆ. ಭಾಗಶಃ ಅದು ನಿಜ, ಇವತ್ತು ಹೆಚ್ಚಿನ ಹ್ಯಾಚರಿಗಳು ಎರಡನ್ನೂ ಬೆರೆಸಿಯೇ ಕೊಡುತ್ತವೆ. ಪೂರ್ತಿ ಬದಲಿ ಇನ್ನೂ ಆಗಿಲ್ಲ. ಕೃತಕ ಕಣ ಈಜುವುದಿಲ್ಲ, ತಿನ್ನದೆ ಉಳಿದದ್ದು ತಳ ಸೇರಿ ನೀರು ಕೆಡಿಸುತ್ತದೆ. ಜೀವಂತ ನಾಪ್ಲಿಗೆ ಮೀನೆಣ್ಣೆಯ ಕೊಬ್ಬು ತಿನ್ನಿಸಿ, ಅದನ್ನು ಹಸುಳೆಗೆ ಉಣಿಸಿ ಪೋಷಕಾಂಶ ತಲುಪಿಸುವ ಅನುಕೂಲವೂ ಅದರಲ್ಲಿಲ್ಲ.

ಮುಂದೆ ಏನಾಗಬಹುದು

ಗ್ರೇಟ್ ಸಾಲ್ಟ್ ಲೇಕ್ ಒಂದೇ ಸಲಕ್ಕೆ ಮಾಯವಾಗುವುದಕ್ಕಿಂತ ವರ್ಷದಿಂದ ವರ್ಷಕ್ಕೆ ಜೋಲಿ ಹೊಡೆಯುವ ಸಾಧ್ಯತೆಯೇ ಹೆಚ್ಚು. ಹಿಮ ಬಿದ್ದ ವರ್ಷ ಮೊಟ್ಟೆ ಹೇರಳ, ಬೀಳದ ವರ್ಷ ವನ್ಯಜೀವಿ ಇಲಾಖೆ ಬೇಗನೆ ಕೊಯ್ಲು ನಿಲ್ಲಿಸುತ್ತದೆ. ಕಡಿಮೆ ಸಿಕ್ಕ ವರ್ಷ ಸೈಬೀರಿಯಾ, ಕಜಕಿಸ್ತಾನ, ಚೀನಾದ ಮೊಟ್ಟೆಗೆ ಬೇಡಿಕೆ ಏರುತ್ತದೆ. ಅವುಗಳ ಗಾತ್ರ, ಪೋಷಕಾಂಶ, ನಿದ್ದೆಯ ಸ್ವಭಾವ ಬೇರೆ ಬೇರೆಯಾದ್ದರಿಂದ ಹ್ಯಾಚರಿಗಳು ಪ್ರತಿ ಸಲ ಕ್ರಮ ಬದಲಿಸಬೇಕಾಗುತ್ತದೆ. ಹಳೆಯ ದಾಸ್ತಾನು ಹೊಸ ಲೇಬಲ್ ಹಚ್ಚಿಕೊಂಡು ಹೊರಬರುವುದೂ ಇಂಥ ಕೊರತೆಯ ವರ್ಷಗಳಲ್ಲೇ.

ಕುಮಟಾ, ಅಂಕೋಲಾದ ಗಜನಿಗಳಲ್ಲಿ (ನದಿಮುಖದ ಉಪ್ಪುನೀರಿನ ಗದ್ದೆಗಳಲ್ಲಿ), ಕುಂದಾಪುರದ ಹಿನ್ನೀರಿನಲ್ಲಿ ಸಿಗಡಿ ಬೆಳೆಯುವವರು ಮರಿಯನ್ನು ಹೆಚ್ಚಾಗಿ ಆಂಧ್ರ, ತಮಿಳುನಾಡಿನ ಹ್ಯಾಚರಿಗಳಿಂದ ತರಿಸುತ್ತಾರೆ. ಆ ಮರಿ ಹಸುಳೆಯಾಗಿದ್ದಾಗ ಏನು ತಿಂದಿತ್ತು ಎಂದು ತಿಳಿಯುವ ದಾರಿ ಅವರಿಗಿಲ್ಲ. ರೋಗಕ್ಕೆ ಮರಿಯ ಪರೀಕ್ಷೆ ಮಾಡಿಸುವ ಪದ್ಧತಿ ಬಂದಿದೆ, ಮರಿಗೆ ಉಣಿಸಿದ ಮೊಟ್ಟೆಯ ಪರೀಕ್ಷೆ ಬಂದಿಲ್ಲ. ಆ ಪರೀಕ್ಷೆಗೆ ದುಬಾರಿ ಯಂತ್ರವೇನೂ ಬೇಡ. ತೂಗಿದ ಒಂದಿಷ್ಟು ಮೊಟ್ಟೆ, ಸಮುದ್ರದ ನೀರು, 28 ಡಿಗ್ರಿ ಶಾಖ, ಬೆಳಕು, ತಳದಿಂದ ಗಾಳಿ ಕೊಟ್ಟು 24 ಗಂಟೆಯ ನಂತರ ಸೂಕ್ಷ್ಮದರ್ಶಕದ ಕೆಳಗೆ ಮರಿ ಎಣಿಸಿದರೆ ಆಯಿತು. ಆಮದು ಬಂದರಿನಲ್ಲಿ ಮತ್ತು ಕರಾವಳಿಯ ಮೀನುಗಾರಿಕೆ ಪ್ರಯೋಗಾಲಯಗಳಲ್ಲಿ ಪ್ರತಿ ಲಾಟ್‌ಗೂ ಇದನ್ನು ಮಾಡಿ, ಒಡೆಯುವ ಪ್ರಮಾಣವನ್ನೂ ಡಬ್ಬಿ ತುಂಬಿದ ತಿಂಗಳನ್ನೂ ಲೇಬಲ್ ಮೇಲೆ ಕಡ್ಡಾಯಗೊಳಿಸಿದರೆ, ಕೊರತೆಯ ವರ್ಷದಲ್ಲಿ ಇರುವಷ್ಟು ಮೊಟ್ಟೆಯಿಂದಲೇ ಈಗಿನದಕ್ಕಿಂತ ಹೆಚ್ಚು ಮರಿ ಪಡೆಯಬಹುದು.